ಟಿಡಿಎಸ್ ಮೀಟರ್ ಹೇಳದ್ದನ್ನು ಹಳ್ಳದ ಹುಳ ಹೇಳಿತು

ಕಳೆದ ಎನ್‌ಎಸ್‌ಎಸ್ ಕ್ಯಾಂಪ್‌ಗೆ ನಾವು ತೀರ್ಥಹಳ್ಳಿ ಕಡೆಯ ಒಂದು ಊರಿಗೆ ಹೋಗಿದ್ವಿ. ಅಡಿಕೆ ತೋಟದ ಪಕ್ಕದಲ್ಲೇ ಮೊಣಕಾಲುದ್ದ ನೀರಿನ ಒಂದು ಹಳ್ಳ, ಅದಕ್ಕೊಂದು ಸಂಕ. ಇಂಜಿನಿಯರಿಂಗ್ ಹುಡುಗರಲ್ವಾ, ಜೇಬಲ್ಲಿ ಟಿಡಿಎಸ್ ಮೀಟರ್ ಇತ್ತು. ಸಂಕದ ಮೇಲ್ಗಡೆ, ಕೆಳಗಡೆ ಎರಡೂ ಕಡೆ ಅದ್ದಿ ನೋಡಿದ್ವಿ. ರೀಡಿಂಗ್ ಹೆಚ್ಚುಕಮ್ಮಿ ಒಂದೇ. "ನೀರು ಸೂಪರ್" ಅಂತ ತೀರ್ಪು ಕೊಟ್ಟೂ ಆಯ್ತು. ತೋಟದ ಅಜ್ಜ ನಕ್ಕು, "ಆ ಪೆನ್ನು ಜೇಬಿಗಿಡಿ ಮಾರಾಯ್ರೆ, ಕಲ್ಲು ಮಗುಚಿ ನೋಡಿ" ಅಂದ್ರು.

ಕಲ್ಲಿನ ಕೆಳಗೆ ಯಾರಿದ್ದಾರೆ?

ಸಂಕದ ಮೇಲ್ಗಡೆ ನೀರು ಕಲ್ಲುಗಳ ನಡುವೆ ಸದ್ದು ಮಾಡ್ತಾ ಹರಿಯುತ್ತೆ. ಅಲ್ಲಿ ಮೊದಲು ಸಿಕ್ಕಿದ್ದು ಮೇಫ್ಲೈ ಮರಿ. ಹೊಟ್ಟೆಯ ಎರಡೂ ಪಕ್ಕ ಎಲೆಯಂಥ ಕಿವಿರು, ಸಾಮಾನ್ಯವಾಗಿ ಮೂರು ಬಾಲ. ಸ್ಟೋನ್‌ಫ್ಲೈ ಮರಿಗೆ ಎರಡೇ ಬಾಲ. ಡೌಟ್ ಬಂದ್ರೆ ಉಗುರು ನೋಡಿ: ಮೇಫ್ಲೈಗೆ ಪ್ರತಿ ಕಾಲಿಗೆ ಒಂದು, ಸ್ಟೋನ್‌ಫ್ಲೈಗೆ ಎರಡು.

ನಮಗೆ ಇಷ್ಟವಾದದ್ದು ಕ್ಯಾಡಿಸ್‌ಫ್ಲೈ. ಬಾಯಿಂದ ರೇಷ್ಮೆ ನೂಲು ತೆಗೆದು ಮರಳು, ಕಡ್ಡಿ ಅಂಟಿಸಿ ತನ್ನ ಗೂಡು ತಾನೇ ಕಟ್ಟಿಕೊಳ್ಳುತ್ತೆ. ಇನ್ನೊಂದು ಜಾತಿಯದ್ದು ಗೂಡಿನ ಬದಲು ಬಲೆ ನೇಯ್ದು, ಹರಿಯುವ ನೀರಲ್ಲಿ ಬರುವ ಆಹಾರ ಹಿಡಿಯುತ್ತೆ. ಮರಳಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ ಅಡಗಿತ್ತು. ಅದು ಹಿಂಭಾಗದಿಂದ ನೀರು ಎಳೆದು ಉಸಿರಾಡುತ್ತೆ, ಹೆದರಿದ್ರೆ ಅದೇ ನೀರನ್ನು ಚಿಮ್ಮಿ ಜೆಟ್ ಥರ ಮುಂದಕ್ಕೆ ಹಾರುತ್ತೆ.

ಸಂಕದ ಕೆಳಗಡೆ ಇವರ್ಯಾರೂ ಸಿಗಲಿಲ್ಲ. ಕಲ್ಲುಗಳ ಸಂದಿಯೆಲ್ಲ ಕೆಮ್ಮಣ್ಣು. ಅದರಲ್ಲಿ ಕೆಂಪು ಹುಳಗಳು ಮಾತ್ರ. ಇವು ಕೈರೊನೊಮಿಡ್ ನೊಣದ ಮರಿಗಳು. ಇವುಗಳ ಮೈಯಲ್ಲಿ ನಮ್ಮ ರಕ್ತದ ಹಾಗೇ ಹಿಮೋಗ್ಲೋಬಿನ್ ಇರೋದ್ರಿಂದ ಆಕ್ಸಿಜನ್ ಕಡಿಮೆ ಇರುವ ಕೆಸರಲ್ಲೂ ಬದುಕುತ್ತವೆ.

ಹುಳಕ್ಕೂ ಮಾರ್ಕ್ಸ್

ಬ್ರಿಟನ್ನಿನಲ್ಲಿ ರೂಪಿಸಿದ ಬಿಎಂಡಬ್ಲ್ಯುಪಿ ಎಂಬ ಪದ್ಧತಿ ಪ್ರತಿ ಕುಟುಂಬದ ಹುಳಕ್ಕೆ 1ರಿಂದ 10 ಅಂಕ ಕೊಡುತ್ತದೆ. ಕೊಳಕು ತಡೆಯದ ಹುಳಕ್ಕೆ ಹೆಚ್ಚು ಅಂಕ. ಉದಾಹರಣೆಗೆ ಒಂದು ಜಾಗದಲ್ಲಿ ಚಪ್ಪಟೆ ಮೇಫ್ಲೈ (10), ದೊಡ್ಡ ಸ್ಟೋನ್‌ಫ್ಲೈ (10), ಬಲೆ ನೇಯುವ ಕ್ಯಾಡಿಸ್ (5) ಸಿಕ್ಕರೆ ಒಟ್ಟು 25, ಸರಾಸರಿ 8.3. ಇನ್ನೊಂದರಲ್ಲಿ ಕೈರೊನೊಮಿಡ್ (2), ಎರೆಹುಳದ ಜಾತಿಯವು (1) ಮಾತ್ರ ಇದ್ದರೆ ಸರಾಸರಿ 1.5. ಅಂಕಪಟ್ಟಿ ಬ್ರಿಟನ್ನಿನ ಹುಳಗಳದ್ದು, ಮುಖ್ಯವಾಗಿ ಚರಂಡಿ ನೀರಿನಂಥ ಮಾಲಿನ್ಯಕ್ಕೆ ಮಾಡಿದ್ದು. ಆದ್ದರಿಂದ ನಮ್ಮ ಘಟ್ಟದ ಹಳ್ಳದಲ್ಲಿ ಎರಡು ಜಾಗಗಳನ್ನು ಹೋಲಿಸೋಕೆ ಮಾತ್ರ ಬಳಸಿದರೆ ಒಳ್ಳೆಯದು.

ಹಾಗಾದ್ರೆ ಮೀಟರ್ ಸುಳ್ಳು ಹೇಳಿತಾ? ಇಲ್ಲ. ನೀರಿನಲ್ಲಿ ಕರಗಿದ ಲವಣಗಳಿಂದ ಬರುವ ವಿದ್ಯುತ್ ವಾಹಕತೆಯನ್ನು ಅದು ಅಳೆಯುತ್ತೆ, ಅಷ್ಟೇ. ತಳದಲ್ಲಿ ಕೂತ ಮಣ್ಣು ಕರಗಿಲ್ಲ, ಅದು ಲೆಕ್ಕಕ್ಕೆ ಬರಲ್ಲ. ಅಲ್ಲದೆ ಮೀಟರ್ ಹೇಳೋದು ಆ ಕ್ಷಣದ ನೀರಿನ ಬಗ್ಗೆ. ಹುಳ ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತೆ. ಸಂದಿ ಮುಚ್ಚಿದ್ರೆ ಅದರ ಮನೆಯೇ ಹೋಯ್ತು.

ಆ ಮಣ್ಣು ಎಲ್ಲಿಂದ ಬಂತು ಅಂತ ಅಜ್ಜನನ್ನು ಕೇಳಿದ್ವಿ. ಹಿಂದಿನ ವರ್ಷ ರಸ್ತೆ ಅಗಲ ಮಾಡಿದಾಗ ಸಂಕದ ಹತ್ತಿರ ದಡದಲ್ಲಿ ಸುರಿದ ಮಣ್ಣು ಮಳೆಗಾಲದಲ್ಲಿ ಇಳಿದಿತ್ತಂತೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಮೂರು ದಿನದಿಂದ ಶ್ರಮದಾನದಲ್ಲಿ ಚರಂಡಿ ತೋಡಿ, ಮಣ್ಣನ್ನೆಲ್ಲ ನಾವು ಹಾಕ್ತಿದ್ದದ್ದು ಅದೇ ಹಳ್ಳದ ಮೇಲ್ಗಡೆ ದಡಕ್ಕೆ!

ನಾಲ್ಕನೇ ದಿನ ಹೊಸ ಕೆಲಸ ಏನೂ ಮಾಡಲಿಲ್ಲ. ಬುಟ್ಟಿ ಹಿಡಿದು ಆ ಮಣ್ಣನ್ನೆಲ್ಲ ವಾಪಸ್ ಹೊತ್ತು ಅಜ್ಜನ ತೋಟಕ್ಕೆ ಹಾಕಿದ್ವಿ. ಬೆನ್ನು ನೋವು ಎರಡು ದಿನ ಹೋಗಲಿಲ್ಲ.

ನೀವೂ ಊರಿಗೆ ಹೋದಾಗ ಹಳ್ಳದಲ್ಲಿ ಒಂದು ಕಲ್ಲು ಮಗುಚಿ. ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಹುಳ ನೋಡಿ, ಬಾಲ ಎಣಿಸಿ, ವಾಪಸ್ ಬಿಡಿ. ಕಲ್ಲನ್ನು ಇದ್ದ ಹಾಗೇ ಇಡೋದು ಮರೀಬೇಡಿ. ಅದು ಇನ್ನೊಬ್ಬರ ಮನೆ.