ಅರ್ಧ ಮಿಲಿಮೀಟರಿನ ವಿಷಯ

ಪುಟ್ಟಿ,

ಕಣ್ಣಿನ ಅಳತೆ ತೆಗೆಯುವ ಬಯಾಮೆಟ್ರಿ ಕೋಣೆಗೆ ಹಾಕಿದ್ದಾರೆ ಅಂತ ಮುಖ ಊದಿಸಿಕೊಂಡಿದ್ದೀಯಂತೆ, ನಿಮ್ಮಪ್ಪ ಹೇಳಿದ. ಪೊರೆಯ ಆಪರೇಷನ್ ಮಾಡುವವರಿಗೆ ಹೆಸರು, ಅಳೆಯುವವರನ್ನು ಕೇಳುವವರಿಲ್ಲ, ನಿಜವೇ. ಆದರೆ ಕೇಳು. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಲೆನ್ಸಿಗೆ ಕೈ ಹಾಕಿದ್ದು 45 ವರ್ಷದ ಒಬ್ಬ ಹೆಂಗಸಿನ ಕಣ್ಣಿನಲ್ಲಿ. ಕೈಚಳಕಕ್ಕೇನೂ ಕೊರತೆ ಇರಲಿಲ್ಲ. ಆದರೂ ಆಕೆಗೆ ಕೊನೆಗೆ ಮೈನಸ್ 18ರ ಪವರ್ ಬಂತು! ಕಣ್ಣು ಅಳೆದು ಲೆನ್ಸಿನ ಲೆಕ್ಕ ಹಾಕುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ.

ರೋಗಿ ಗಂಡೋ ಹೆಣ್ಣೋ ಅಂತ ಲೆನ್ಸಿನ ಲೆಕ್ಕ ಹಾಕುವ ಕಂಪ್ಯೂಟರ್ ಯಾಕೆ ಕೇಳುತ್ತೆ ಅಂದೆಯಲ್ಲ. ಹೆಂಗಸರ ಕಣ್ಣುಗುಡ್ಡೆ ಸರಾಸರಿಯಲ್ಲಿ ಸುಮಾರು ಅರ್ಧ ಮಿಲಿಮೀಟರು ಗಿಡ್ಡ. ಒಂದು ಉಗುರಿನ ದಪ್ಪ, ಅಷ್ಟೆ. ಕಾರ್ನಿಯಾದ ಉಬ್ಬು ಮಾತ್ರ ಅವರಲ್ಲಿ ಒಂದಿಷ್ಟು ಹೆಚ್ಚು, ಅರ್ಧ ಡಯಾಪ್ಟರಿನಷ್ಟು. ಕಾರ್ನಿಯಾದ ಹಿಂದಿರುವ ಮುಂಗೋಣೆಯ ಆಳವೂ ಕಡಿಮೆ.

ಹಳೆಯ ಎಸ್‌ಆರ್‌ಕೆ ಸೂತ್ರವನ್ನು ಈಗ ಹೆಚ್ಚುಕಡಿಮೆ ಯಾರೂ ಬಳಸುವುದಿಲ್ಲ, ಆದರೆ ಅರ್ಥ ಮಾಡಿಕೊಳ್ಳೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಲೆನ್ಸಿನ ಸ್ಥಿರಾಂಕ 118.4 ಅಂತಿಟ್ಟುಕೋ; ಅದರಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟು ಕಳೆ, ಕಾರ್ನಿಯಾದ ಪವರಿನ 0.9 ಪಟ್ಟು ಕಳೆ. ಉದ್ದ 23.5, ಕಾರ್ನಿಯಾ 43.5 ಇದ್ದರೆ ಲೆನ್ಸು 20.5. ಉದ್ದ 23, ಕಾರ್ನಿಯಾ 44 ಆದರೆ 21.3. ನೋಡಿದೆಯಾ, ಗಿಡ್ಡತನ ಹೆಚ್ಚಾಗಿ ಕೇಳಿದ ಪವರಿನಲ್ಲಿ ಒಂದಿಷ್ಟನ್ನು ಉಬ್ಬು ವಾಪಸ್ ಕೊಟ್ಟಿತು, ಪೂರ್ತಿ ಅಲ್ಲ. ಈಗಿನ ಕೇನ್ ಸೂತ್ರ ಲಿಂಗವನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಹಿಂದಿನ ರೋಗಿಯ ಲಿಂಗ ಆ ಕಾಲಮ್ಮಿನಲ್ಲಿ ಹಾಗೇ ಉಳಿದಿರದಂತೆ ನೋಡಿಕೋ.

ಹಾಗಂತ ಸರಾಸರಿಯನ್ನೇ ನಂಬಿ ಕೂರಬೇಡ. ಈ ವ್ಯತ್ಯಾಸದಲ್ಲಿ ಒಂದು ಪಾಲು ಬರೀ ಮೈಯ ಎತ್ತರದ್ದು. ನಿನ್ನ ಹಾಗೆ ಬಾಗಿಲಿಗೆ ತಲೆ ತಾಗುವ ಹುಡುಗಿಯ ಕಣ್ಣು ಎಷ್ಟೋ ಗಂಡಸರ ಕಣ್ಣಿಗಿಂತ ಉದ್ದ ಇದ್ದೀತು. ನಾಗಪುರದ ಸುತ್ತಲಿನ ಹಳ್ಳಿಗಳಲ್ಲಿ ಅಳೆದಾಗ ಗಂಡು ಹೆಣ್ಣು ಸೇರಿಸಿ ಸರಾಸರಿಯೇ 22.6 ಬಂದಿತ್ತು. ಪುಸ್ತಕದ 23.5 ಹಿಡಿದು ಹೊರಟರೆ ನಮ್ಮ ಜನ ಎಲ್ಲರೂ ಗಿಡ್ಡಗಣ್ಣಿನವರೇ.

ನನಗೆ ಅರ್ಧ ಮಿಲಿಮೀಟರಿಗಿಂತ ದೊಡ್ಡದಾಗಿ ಕಂಡ ವ್ಯತ್ಯಾಸ ಬೇರೆ. ನಮ್ಮ ಕಡೆ ಹೆಂಗಸರು ತಡವಾಗಿ ಬರುತ್ತಾರೆ. ಮೊದಲು ಯಜಮಾನರದ್ದು ಆಗಲಿ, ಸುಗ್ಗಿ ಮುಗೀಲಿ, ಸೊಸೆಯ ಬಾಣಂತನ ಕಳೀಲಿ ಅಂತ. ಅಷ್ಟರಲ್ಲಿ ಪೊರೆ ಬೆಳ್ಳಗೆ ಹಾಲುಗಟ್ಟಿರುತ್ತೆ. ಬೆಳಕಿನಿಂದ ಅಳೆಯುವ ಯಂತ್ರಕ್ಕೆ ಬಹಳ ಸಲ ಅದರೊಳಗೆ ದಾರಿ ಸಿಗುವುದಿಲ್ಲ, ಆಗ ಶಬ್ದದ ಅಲೆಯಿಂದ ಅಳೆಯುವ ಎ-ಸ್ಕ್ಯಾನ್ ಕಡ್ಡಿಯನ್ನೇ ಕಣ್ಣಿಗೆ ತಾಗಿಸಬೇಕು. ಒಂದು ಚೂರು ಒತ್ತಿದೆಯೋ, ಮೊದಲೇ ಗಿಡ್ಡವಾದ ಕಣ್ಣು ಇನ್ನೂ ಗಿಡ್ಡ ಕಾಣುತ್ತೆ. ಲೆನ್ಸಿನ ಪವರ್ ಏರುತ್ತೆ, ಆಪರೇಷನ್ ಆದ ಮೇಲೆ ಅಜ್ಜಿಗೆ ದೂರದ್ದು ಮಸುಕು. ಅದಕ್ಕೇ ಕೈ ಹಗುರ ಇರಲಿ, ಸಾಧ್ಯವಾದರೆ ನೀರಿನ ಬಟ್ಟಲು ಇಟ್ಟು ಮಾಡುವ ಇಮ್ಮರ್ಷನ್ ಪದ್ಧತಿಯನ್ನೇ ಹಿಡಿ. ಎರಡು ಕಣ್ಣಿನ ಉದ್ದಕ್ಕೆ 0.3 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಯಾರು ಎಷ್ಟು ಅವಸರ ಮಾಡಿದರೂ ಮತ್ತೆ ಅಳೆ.

ಮುಟ್ಟು ನಿಂತ ಹೆಂಗಸರಲ್ಲಿ ಕಣ್ಣು ಒಣಗುವುದೂ ಜಾಸ್ತಿ. ಒಣಗಿದ ಕಾರ್ನಿಯಾ ಒಂದೊಂದು ಸಲ ಒಂದೊಂದು ಸಂಖ್ಯೆ ಹೇಳುತ್ತೆ. ಮರಗಟ್ಟಿಸುವ ಹನಿ ಹಾಕುವ ಮೊದಲೇ ಕಾರ್ನಿಯಾದ ಅಳತೆ ಮುಗಿಸಿಬಿಡು. ಎರಡು ಸಲ ತಾಳೆ ಆಗದಿದ್ದರೆ ಒಣಗಣ್ಣಿಗೆ ಔಷಧಿ ಕೊಡಿಸಿ ಇನ್ನೊಂದು ದಿನ ಕರೆಸಲು ಡಾಕ್ಟರಿಗೆ ಹೇಳು.

ಇನ್ನೊಂದು ಪ್ರಶ್ನೆ ಯಾವ ಯಂತ್ರವೂ ಕೇಳುವುದಿಲ್ಲ, ನೀನು ಕೇಳು: "ಅಜ್ಜಿ, ದಿನಾ ಏನು ಕೆಲಸ ಮಾಡ್ತೀರಿ?" ಅಕ್ಕಿ ಆರಿಸುವವರು, ಹೂ ಕಟ್ಟುವವರು, ಬೀಡಿ ಸುತ್ತುವವರು ಹತ್ತಿರದ್ದು ಚೆನ್ನಾಗಿ ಕಂಡರೆ ಸಾಕು ಅನ್ನಬಹುದು. ಅಂಥವರಿಗೆ ಬೇಕೆಂದೇ ಎರಡರ ಹತ್ತಿರದ ಮೈನಸ್ ಉಳಿಸುವುದುಂಟು. ಮಗನನ್ನು ಕೇಳಿದರೆ "ಎಲ್ಲಾ ಕಾಣೋ ಹಾಗೆ ಮಾಡಿ" ಅಂತಾನೆ. ಅಜ್ಜಿಯನ್ನೇ ಕೇಳಿ, ಅವರು ಹೇಳಿದ್ದನ್ನು ಡಾಕ್ಟರಿಗೆ ಕಾಣುವಂತೆ ಚೀಟಿಯ ಮೇಲೆ ಬರೆ.

ನಿನ್ನ,
ಅತ್ತೆ