ಹುಲ್ಲು ಉದ್ದವಾದರೆ ಹಾಲು ಹೆಚ್ಚುತ್ತದೆಯೇ?

ರಾಬರ್ಟ್‌ಸನ್‌ಪೇಟೆ ಚಿನ್ನದ ಗಣಿಯ ಊರು. 2001ರಲ್ಲಿ ಗಣಿ ಮುಚ್ಚಿತು. ಸುತ್ತಲ ಹಳ್ಳಿಗಳಲ್ಲಿ ಅನೇಕ ಮನೆಗಳಿಗೆ ಹಸುವೇ ಆಸರೆ. ಹಸುವಿಗೆ ಮೇವು ಬೇಕು. ಮೇವಿಗೆ ನೀರು ಬೇಕು. ಇಲ್ಲಿ ನೀರಿಗೆ ಮಳೆ, ಕೆರೆ, ಬೋರ್‌ವೆಲ್ಲೇ ಗತಿ.

ಒಂದು ಸಂಜೆ ತಂಗಿ ಪೇಟೆಯಿಂದ ಬಂದಳು. ಕೈಯಲ್ಲಿ ಔಷಧಿಯ ಡಬ್ಬ ಇತ್ತು.

"ಅಕ್ಕಾ, ಇದನ್ನ ಸೀಮೆ ಹುಲ್ಲಿಗೆ ಹೊಡೆದ್ರೆ ಎದೆಮಟ್ಟ ಬೆಳೀತದಂತೆ. ಹಾಲಿನ ಬಟವಾಡೆ ದುಡ್ಡೆಲ್ಲ ಇದಕ್ಕೇ ಕೊಟ್ಟೆ."

"ಓದಿ ನೋಡಿದೆಯಾ?"

"ಇಲ್ಲಕ್ಕ, ಅಕ್ಷರ ಸಣ್ಣದು."

"ಸಣ್ಣದಾದ್ರೂ ನಮ್ಮದೇ ಅಕ್ಷರ. ಬಾ, ಕೂಡಿಸಿ ಓದೋಣ."

ಡಬ್ಬದೊಳಗೆ ಒಂದು ಚೀಟಿ ಇತ್ತು. ಇಬ್ಬರೂ ಬೆರಳಿಟ್ಟು ಓದಿದರು. ದ್ರಾಕ್ಷಿ ಎಂದಿತ್ತು. ಭತ್ತ ಎಂದಿತ್ತು. ಮೇವು ಎಂದು ಎಲ್ಲೂ ಇರಲಿಲ್ಲ. ಔಷಧಿಯ ಹೆಸರು ಜಿಬ್ಬರೆಲಿಕ್ ಆಮ್ಲ.

ಏನಿದು?

ಗಿಡದ ಒಳಗೆ ಬೆಳವಣಿಗೆಯ ರಸಗಳು ಇರುತ್ತವೆ. ಬೇರು ಬಿಡು, ಕವಲೊಡೆ, ಉದ್ದವಾಗು ಎಂದು ಅವು ಗಿಡಕ್ಕೆ ಹೇಳುತ್ತವೆ. ಇವಕ್ಕೆ ಚೋದಕ ಎಂದು ಹೆಸರು. ಜಿಬ್ಬರೆಲಿನ್ ಒಂದು ಚೋದಕ. ಜಪಾನ್ ದೇಶದಲ್ಲಿ ಭತ್ತಕ್ಕೆ ಒಂದು ರೋಗ ಬರುತ್ತಿತ್ತು. ಪೈರು ಸಣ್ಣಗೆ, ಎತ್ತರಕ್ಕೆ ಬೆಳೆದು ಒಣಗುತ್ತಿತ್ತು. ಒಂದು ಬೂಷ್ಟಿನ ರಸವೇ ಇದಕ್ಕೆ ಕಾರಣ ಎಂದು 1926ರಲ್ಲಿ ಗೊತ್ತಾಯಿತು. ಆ ರಸವೇ ಜಿಬ್ಬರೆಲಿನ್.

ನ್ಯೂಜಿಲೆಂಡ್ ದೇಶದಲ್ಲಿ ಇದನ್ನು ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಅಲ್ಲಿ ಚಳಿಗೆ ಹುಲ್ಲಿನ ಬೆಳವಣಿಗೆ ನಿಧಾನವಾಗುತ್ತದೆ. ಔಷಧಿ ಹೊಡೆದರೆ ಮೂರು ನಾಲ್ಕು ವಾರದಲ್ಲಿ ಮೇವು ಹೆಚ್ಚು ಸಿಗುತ್ತದೆ. ಆದರೆ ಹುಲ್ಲಿನ ಬಣ್ಣ ತೆಳುವಾಗುತ್ತದೆ. ಪ್ರೋಟೀನಿನ ಪಾಲು ಇಳಿಯುತ್ತದೆ. ಒಂದೇ ಪಾವು ಬೇಳೆಗೆ ಹೆಚ್ಚು ನೀರು ಹಾಕಿದ ಸಾರಿನ ಹಾಗೆ.

ಚೋದಕ ಗೊಬ್ಬರವಲ್ಲ. ನೀರೂ ಅಲ್ಲ. ನಮ್ಮ ಹುಲ್ಲು ನಿಂತಿರುವುದು ಚಳಿಯಿಂದಲ್ಲ, ನೀರು ಗೊಬ್ಬರ ಸಾಲದೆ. ಹಸಿದವರಿಗೆ ಊಟ ಕೊಡದೆ "ಓಡು" ಎಂದರೆ ಓಡಲಾದೀತೇ?

ಇನ್ನೊಂದು ಎಚ್ಚರಿಕೆ. 2,4-ಡಿ ಎಂಬ ಔಷಧಿಯೂ ಚೋದಕದ ಜಾತಿಯದೇ. ಅದು ಕಳೆ ಕೊಲ್ಲುವ ಔಷಧಿ. ಅಲಸಂದೆಯ ಮೇಲೆ ಬಿದ್ದರೆ ಎಲೆ ಮುರುಟಿ ಗಿಡ ಸಾಯುತ್ತದೆ.

ಏನು ಮಾಡಬೇಕು?

1. ಸೀಮೆ ಹುಲ್ಲನ್ನು ನೆಟ್ಟ ಸುಮಾರು 70 ದಿನಕ್ಕೆ ಮೊದಲು ಕೊಯ್ಯಿರಿ. ಆಮೇಲೆ 40–45 ದಿನಕ್ಕೊಮ್ಮೆ ಕೊಯ್ಯಿರಿ. ಬಲಿತರೆ ದಂಟು ಗಟ್ಟಿ, ಸತ್ವ ಕಡಿಮೆ.
2. ನೆಲದಿಂದ ಅರ್ಧ ಗೇಣು ಬಿಟ್ಟು ಕೊಯ್ಯಿರಿ. ಚೆನ್ನಾಗಿ ಚಿಗುರುತ್ತದೆ.
3. ಪ್ರತಿ ಕೊಯ್ಲಿನ ನಂತರ ಗೊಬ್ಬರ, ನೀರು ಕೊಡಿ.
4. ಮೂರು ಪಾಲು ಹುಲ್ಲಿಗೆ ಒಂದು ಪಾಲು ಅಲಸಂದೆ ಸೊಪ್ಪು ಬೆರೆಸಿ ಹಾಕಿ. ಅಲಸಂದೆಯಲ್ಲಿ ಪ್ರೋಟೀನು ಹೆಚ್ಚು.
5. ಯಾವ ಔಷಧಿಯೇ ಆಗಲಿ, ಚೀಟಿ ಓದದೆ ಹೊಡೆಯಬೇಡಿ.

"ಈಗೇನು ಮಾಡಲಿ ಅಕ್ಕ?"

"ಬಾಟಲಿ ಸೀಲು ಒಡೆದಿಲ್ಲ. ರಸೀದಿ ಇದೆಯಾ?"

ತಂಗಿ ಸೆರಗಿನ ಗಂಟು ಬಿಚ್ಚಿದಳು. ರಸೀದಿ ಇತ್ತು. ಮಾರನೆಯ ದಿನ ಇಬ್ಬರೂ ಅಂಗಡಿಗೆ ಹೋದರು. ತಂಗಿಯೇ ಚೀಟಿ ಓದಿ ಹೇಳಿದಳು. ದುಡ್ಡು ವಾಪಸ್ಸು ಬಂತು. ಆ ದುಡ್ಡಿನಲ್ಲಿ ಅಲಸಂದೆ ಬೀಜ ತಂದರು.

ಉತ್ತರ ಬರೆಯಿರಿ

1. ಚೀಟಿಯಲ್ಲಿ ಯಾವ ಬೆಳೆಗಳ ಹೆಸರು ಇತ್ತು?
2. ಚೋದಕಕ್ಕೂ ಗೊಬ್ಬರಕ್ಕೂ ಏನು ವ್ಯತ್ಯಾಸ?
3. ನಿಮ್ಮ ಮನೆಯಲ್ಲಿರುವ ಒಂದು ಔಷಧಿಯ ಚೀಟಿ ತನ್ನಿ. ಎಲ್ಲರೂ ಸೇರಿ ಓದಿ.