ಸಭೆ ನಡೆಸಿಕೊಡುವುದನ್ನು ಕಲಿಯೋಣ



ಉಪನ್ಯಾಸಕನಾಗುವ ಮೊದಲು ನಾನು ಎರಡು ವರ್ಷ ಒಂದು ಖಾಸಗಿ ಸಂಸ್ಥೆಯಲ್ಲಿದ್ದೆ. ಶಾಲೆಗಳಿಗೆ ನೋಟ್‌ಪುಸ್ತಕ ಪೂರೈಸುವ ಸಂಸ್ಥೆ. ಒಂದು ಮೇ ತಿಂಗಳ ಕೊನೆಯಲ್ಲಿ ಮೂಡುಬಿದಿರೆ ಕಡೆಗೆ ದೊಡ್ಡ ಲೋಡು ಕಳುಹಿಸಬೇಕಿತ್ತು. ಅದರ ಬಗ್ಗೆ ಸಭೆ ನಡೆಸಲು ಮೇಲಧಿಕಾರಿಗಳು ನನಗೆ ಹೇಳಿದರು. ನಾನು ನಡೆಸಿದ ಮೊದಲ ಸಭೆ ಅದು. 12 ಮಂದಿ ಒಂದೂವರೆ ಗಂಟೆ ಕುಳಿತೆವು. ಅದರಲ್ಲಿ ಅರ್ಧ ಗಂಟೆ ನಾನೇ ಮಾತಾಡಿದೆ. ಮರುದಿನ ಬೆಳಿಗ್ಗೆ ಬಂಟ್ವಾಳದಿಂದ ಸಿದ್ಧಕಟ್ಟೆ ಮಾರ್ಗವಾಗಿ ಲಾರಿ ಹೊರಡುವುದೆಂದು ತೀರ್ಮಾನವಾಯಿತು. ಎಲ್ಲರೂ ಚಹಾ ಕುಡಿದು ಎದ್ದೆವು.

ಮರುದಿನ ಲಾರಿ ಅರ್ಧ ದಾರಿಯಲ್ಲಿ ನಿಂತಿತು. ಒಂದು ಕಡೆ ಮೋರಿಯ ಕೆಲಸಕ್ಕಾಗಿ ರಸ್ತೆ ಅಗೆದಿದ್ದರು. ಪುಸ್ತಕಗಳನ್ನು ಸಣ್ಣ ಗಾಡಿಗಳಿಗೆ ಹಾಕುವಾಗ ಮಳೆ ಬಂತು. ಎಷ್ಟೋ ಕಟ್ಟು ಪುಸ್ತಕ ಒದ್ದೆಯಾಯಿತು. ನಷ್ಟದ ಒಂದು ಪಾಲನ್ನು ಡ್ರೈವರ್ ಸಂಬಳದಿಂದ ಹಿಡಿದರು. ನಾವೆಲ್ಲ ಅವರನ್ನು ಕಾಕ ಎಂದು ಕರೆಯುತ್ತಿದ್ದೆವು. "ರಸ್ತೆ ಅಗೆದದ್ದು ನಿಮಗೆ ಗೊತ್ತಿರಲಿಲ್ಲವಾ ಕಾಕ?" ಎಂದು ಕೇಳಿದೆ. "ಗೊತ್ತಿತ್ತು ಮೋನೆ. ನಾನು ಬಾಗಿಲ ಹತ್ರವೇ ನಿಂತಿದ್ದೆ. ನನ್ನತ್ರ ಯಾರು ಕೇಳಿದ್ರು?" ಎಂದರು.

ಸಭೆ ನಡೆಸಿದ ನನಗೆ ಏನೂ ಆಗಲಿಲ್ಲ. ಸಂಬಳ ಕಡಿತ ಸರಿಯಲ್ಲ ಎಂದು ಹೇಳುವ ಧೈರ್ಯವೂ ನನಗೆ ಆಗ ಬರಲಿಲ್ಲ. ಈ ಪಾಠವನ್ನು ಬರೆಯಲು ಅದೇ ಕಾರಣ.

ನಮ್ಮ ಭಾಷೆಯಲ್ಲೇ ಇರುವ ಪದ

ನಮ್ಮ ಜಿಲ್ಲೆಯ ಗ್ರಾಮಸಭೆಯ ಸುದ್ದಿಗಳಲ್ಲಿ ಎರಡು ಮಾತು ಓದಿರುತ್ತೀರಿ. ಅಧ್ಯಕ್ಷರು "ಅಧ್ಯಕ್ಷತೆ ವಹಿಸಿದ್ದರು". ನೋಡಲ್ ಅಧಿಕಾರಿ "ಸಭೆ ನಡೆಸಿಕೊಟ್ಟರು". ಈ "ನಡೆಸಿಕೊಡು" ಎಂಬ ಪದವನ್ನು ಗಮನಿಸಿ. ಅದರಲ್ಲಿ "ಕೊಡು" ಇದೆ. ಅಂದರೆ ಕೆಲಸ ನನ್ನದು, ಫಲ ಸೇರಿದವರದ್ದು. ಮಾತಾಡುವವರಿಗೆ ದಾರಿ ಮಾಡಿಕೊಡುವುದು, ಮೌನವಾಗಿರುವವರನ್ನು ಕೇಳುವುದು, ಕೊನೆಗೆ ಒಂದು ತೀರ್ಮಾನಕ್ಕೆ ತಲುಪಿಸುವುದು, ಇಷ್ಟೇ ಆ ಕೆಲಸ. ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ "ನಿರ್ದೇಶನ" ಅಧ್ಯಾಯದ ಕೆಳಗೆ ಸಂವಹನದ ಅಡೆತಡೆಗಳನ್ನು ಓದುತ್ತೀರಿ. ಬಾಗಿಲ ಬಳಿ ನಿಂತ ಕಾಕ ಆ ಅಧ್ಯಾಯದ ಒಂದು ಉದಾಹರಣೆ.

ಮನೆಯ ಜಗಲಿಯ ಪಾಠ

ಒಳ್ಳೆಯ ಸಭೆ ನೋಡಲು ದೊಡ್ಡ ಕಂಪೆನಿಗೆ ಹೋಗಬೇಕಾಗಿಲ್ಲ. ನಿಮ್ಮಲ್ಲಿ ಹಲವರ ತಾಯಂದಿರು ಸ್ವಸಹಾಯ ಗುಂಪಿನಲ್ಲಿದ್ದಾರೆ. ಕರ್ನಾಟಕದಲ್ಲಿ ಮೈರಾಡದಂಥ ಸಂಸ್ಥೆಗಳು 1980ರ ದಶಕದಲ್ಲೇ ಇಂಥ ಗುಂಪುಗಳನ್ನು ಕಟ್ಟಿದವು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1982ರಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. 1992ರಲ್ಲಿ ನಬಾರ್ಡ್ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆಯನ್ನು ತಂದಿತು. ಈ ಗುಂಪುಗಳಿಗೆ ಒಂದು ಪಂಚಸೂತ್ರವಿದೆ: ಕ್ರಮವಾಗಿ ಸಭೆ, ಕ್ರಮವಾಗಿ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ಐದರಲ್ಲಿ ಮೊದಲನೆಯದು ಸಭೆ ಎಂಬುದನ್ನು ನೆನಪಿಡಿ.

10ರಿಂದ 20 ಮಂದಿ, ಗೊತ್ತಾದ ದಿನ, ಗೊತ್ತಾದ ಗಂಟೆ. ವೃತ್ತಾಕಾರದಲ್ಲಿ ಕೂರುವುದರಿಂದ ಯಾರೂ ಹಿಂದಿನ ಬೆಂಚಿನವರಲ್ಲ. ಸಾಲ ಯಾರಿಗೆ, ಎಷ್ಟು ಎಂದು ಎಲ್ಲರ ಎದುರೇ ಮಾತಾಗುತ್ತದೆ. ಆದ ನಿರ್ಣಯವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಮುಂದಿನ ಬಾರಿ ಅಲ್ಲಿಂದಲೇ ಆರಂಭ. ಇವಿಷ್ಟು ಇಲ್ಲದ ಆಫೀಸು ಸಭೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಭಾಗವತರ ಪಾಠ

ಸಭೆಯಲ್ಲಿ ಒಬ್ಬರೇ ಮಾತಾಡುತ್ತಾ ಹೋದರೆ ಏನು ಮಾಡುವುದು? ನಮ್ಮೂರಿನ ತಾಳಮದ್ದಳೆಯನ್ನು ನೋಡಿ. ಅರ್ಥಧಾರಿ ಎಷ್ಟೇ ದೊಡ್ಡವರಿರಲಿ, ಪ್ರಸಂಗ ಮುಂದಕ್ಕೆ ಹೋಗಬೇಕೆಂದು ಕಂಡಾಗ ಭಾಗವತರು ಮುಂದಿನ ಪದವನ್ನು ಎತ್ತುತ್ತಾರೆ. ಬೈಯುವುದಿಲ್ಲ, ಸಾಕು ಎನ್ನುವುದೂ ಇಲ್ಲ. ಸಭೆಯಲ್ಲೂ ಹಾಗೆಯೇ: "ನಿಮ್ಮ ಮಾತನ್ನು ಬರೆದುಕೊಂಡಿದ್ದೇನೆ. ಈಗ ಗೋದಾಮಿನವರು ಏನು ಹೇಳುತ್ತಾರೆ ಕೇಳೋಣ" ಎಂದರೆ ಮಾತಾಡಿದವರಿಗೆ ಅವಮಾನವಾಗುವುದಿಲ್ಲ, ಸಭೆಯೂ ಮುಂದೆ ಹೋಗುತ್ತದೆ.

ಸಭೆಗೆ ಮೊದಲು

1. ಸಭೆ ಬೇಕೇ ಎಂದು ಮೊದಲು ಕೇಳಿಕೊಳ್ಳಿ. 12 ಮಂದಿ ಒಂದೂವರೆ ಗಂಟೆ ಕುಳಿತರೆ 18 ಗಂಟೆಯ ದುಡಿಮೆ. ಅಂದರೆ ಒಬ್ಬರ ಎರಡು ದಿನಕ್ಕಿಂತ ಹೆಚ್ಚಿನ ಕೆಲಸ. ಬರೀ ಮಾಹಿತಿ ತಿಳಿಸಲು ಒಂದು ನೋಟಿಸು ಸಾಕು.
2. ಕಾರ್ಯಸೂಚಿಯನ್ನು ಪ್ರಶ್ನೆಯ ರೂಪದಲ್ಲಿ ಬರೆಯಿರಿ. "ಸಾಗಾಟ" ಎಂದು ಬರೆದರೆ ಎಲ್ಲವೂ ಬರುತ್ತದೆ. "ಸೋಮವಾರ ಲೋಡು ಯಾವ ದಾರಿಯಲ್ಲಿ ಹೋಗಬೇಕು?" ಎಂದು ಬರೆದರೆ ಉತ್ತರ ಬರುತ್ತದೆ.
3. ಆ ಕೆಲಸವನ್ನು ಕೈಯಾರೆ ಮಾಡುವವರನ್ನು ಕರೆಯಿರಿ. ಅವರಿಗೆ ಕುರ್ಚಿ ಇಡಿ.

ಸಭೆಯಲ್ಲಿ

1. ಹೇಳಿದ ಸಮಯಕ್ಕೆ ಆರಂಭಿಸಿ. ತಡವಾಗಿ ಬಂದವರಿಗಾಗಿ ಕಾದರೆ, ಸಮಯಕ್ಕೆ ಬಂದವರು ಮುಂದಿನ ಸಲ ತಡವಾಗಿ ಬರುತ್ತಾರೆ.
2. ಕಿರಿಯರನ್ನು ಮೊದಲು ಕೇಳಿ. ಸೈನ್ಯದ ಕೋರ್ಟ್ ಮಾರ್ಷಲ್‌ನಲ್ಲಿ ಕಿರಿಯ ಅಧಿಕಾರಿಯ ಅಭಿಪ್ರಾಯವನ್ನು ಮೊದಲು ಪಡೆಯುವ ಪದ್ಧತಿ ಇದೆ. ಹಿರಿಯರು ಮೊದಲು ಹೇಳಿಬಿಟ್ಟರೆ ಉಳಿದವರಿಗೆ ತಲೆಯಾಡಿಸುವ ಕೆಲಸ ಮಾತ್ರ.
3. ಮಾತಾಡಲು ಹಿಂಜರಿಯುವವರಿದ್ದರೆ ಎರಡು ನಿಮಿಷ ಕೊಟ್ಟು ಚೀಟಿಯಲ್ಲಿ ಬರೆಯಲು ಹೇಳಿ, ಚೀಟಿಗಳನ್ನು ಓದಿ.
4. ವಿಷಯ ಬಿಟ್ಟು ಬಂದ ಮಾತನ್ನು ತಳ್ಳಿಹಾಕಬೇಡಿ. ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಕೊನೆಯಲ್ಲಿ ನೋಡಿ.
5. ಮುಗಿಸುವ ಮೊದಲು ಒಂದು ಪ್ರಶ್ನೆ ಕೇಳಿ: "ಇದು ಕೆಡುವುದಾದರೆ ಎಲ್ಲಿ ಕೆಡಬಹುದು?" ಅಂದು ನಾನು ಇದೊಂದನ್ನು ಕೇಳಿದ್ದರೆ ಸಾಕಿತ್ತು.

ಸಭೆಯ ನಂತರ

ಗ್ರಾಮಸಭೆಗಳಲ್ಲಿ ಹಿಂದಿನ ಸಭೆಯ ಅನುಪಾಲನಾ ವರದಿ ಓದುತ್ತಾರೆ. ಹಿಂದೆ ಹೇಳಿದ್ದರಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂಬ ಲೆಕ್ಕ ಅದು. ಮಕ್ಕಳ ಗ್ರಾಮಸಭೆಯಲ್ಲಿ ಭಾಗವಹಿಸಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಕಳೆದ ವರ್ಷ ಕೇಳಿದ ಬೇಡಿಕೆಗೆ ಉತ್ತರವಿಲ್ಲದಿದ್ದರೆ ಈ ವರ್ಷ ಕೈ ಎತ್ತಲು ಮನಸ್ಸು ಬರುವುದಿಲ್ಲ. ಆದ್ದರಿಂದ ನಡಾವಳಿಯಲ್ಲಿ ಮೂರು ವಿಷಯ ಇರಲೇಬೇಕು: ಏನು ಮಾಡಬೇಕು, ಯಾರು ಮಾಡುತ್ತಾರೆ, ಎಂದಿಗೆ ಮುಗಿಯಬೇಕು. "ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದರೆ ಹೊಣೆ ಯಾರ ಮೇಲೂ ಇರುವುದಿಲ್ಲ. ಬರೆದದ್ದನ್ನು ಎಲ್ಲರೂ ಏಳುವ ಮೊದಲೇ ಗಟ್ಟಿಯಾಗಿ ಓದಿ.

ತಪ್ಪಿದವರೇ ಕಲಿತದ್ದು

ಅಮೆರಿಕದ ಹೆನ್ರಿ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ಒಮ್ಮೆ ಒಂದು ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂತು. ಸಭೆ ನಡೆಸುವುದು ಹೇಗೆಂದು ತಿಳಿಯದೆ ಅವರು ಪೇಚಿಗೆ ಸಿಲುಕಿದರು. ಆ ಮುಜುಗರದಿಂದಲೇ ಅಭ್ಯಾಸ ಆರಂಭಿಸಿ 1876ರಲ್ಲಿ ಸಭಾ ನಿಯಮಗಳ ಪುಸ್ತಕ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಮೊದಲ ಸಭೆ ಕೆಟ್ಟರೆ ಹೆದರಬೇಡಿ. ಆದರೆ ಅದರ ನಷ್ಟ ಇನ್ನೊಬ್ಬರ ಸಂಬಳದಿಂದ ಹೋಗದಂತೆ ನೋಡಿಕೊಳ್ಳಿ.

ನಾಳೆ ನೀವು ಬ್ಯಾಂಕು, ಸಹಕಾರಿ ಸಂಘ, ಗಲ್ಫಿನ ಕಂಪೆನಿ, ಎಲ್ಲಿಗೇ ಹೋದರೂ ಸಭೆ ತಪ್ಪುವುದಿಲ್ಲ. ಊರಿನಲ್ಲಿದ್ದರೆ ಜಮಾಅತಿನ ಮಹಾಸಭೆ, ಯುವಕ ಸಂಘದ ಸಭೆ ಇದ್ದೇ ಇವೆ. ಅಭ್ಯಾಸವನ್ನು ಇಲ್ಲಿಂದಲೇ ಆರಂಭಿಸೋಣ. ವಾರ್ಷಿಕೋತ್ಸವದ ತಯಾರಿಗೆ ನಿಮ್ಮ ತರಗತಿಯ ಸಭೆಯನ್ನು 30 ನಿಮಿಷದಲ್ಲಿ ನಡೆಸಿಕೊಡಿ. ಪ್ರತಿ ಸಲ ಬೇರೆ ಬೇರೆಯವರು ನಡೆಸಿಕೊಡಲಿ. ಬೆಳ್ತಂಗಡಿ ಕಡೆಯ ಬಸ್ಸಿಗೆ ಓಡಬೇಕಾದವರು ಇದ್ದರೆ ಅವರನ್ನು ಮೊದಲು ಕೇಳಿ. ನಡಾವಳಿ ಬರೆದು ನನಗೆ ತಂದು ತೋರಿಸಿ, ಒಟ್ಟಿಗೆ ತಿದ್ದೋಣ.

ಸಭೆಯ ಕೋಣೆಗೆ ಹೋದಾಗ ಬಾಗಿಲ ಹತ್ತಿರ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುವುದನ್ನು ಮರೆಯಬೇಡಿ.